ಗುರುಪುರದ ಗುಳಿಗೆ

ಜೂನ್ 10, ಮಂಗಳವಾರ

ಹಳ್ಳಿಯಲ್ಲಿ ಶುಗರ್ ಕ್ಯಾಂಪ್. ನನ್ನ ಪುರಾಣ ಅದೇ — ನಾಟಿ ಔಷಧಿ, ಹೋಮಿಯೋಪತಿ, ಯಾರೋ ಕೊಟ್ಟ ಪುಡಿ ಅಂತ ಅಲೆಯಬೇಡಿ, ನಾವು ಕೊಡುವ ಮಾತ್ರೆ ನುಂಗಿ. ಶುಗರ್ ಇರುವ ರಾಮಮ್ಮ ಮತ್ತೆ ಕಾಕನಕೋಟೆ ಕಾಡಿನಿಂದ ಬೇರು ತರಿಸಿ ಕಷಾಯ ಕುಡಿಯುತ್ತಿದ್ದಾರಂತೆ. ಎಲ್ಲರೆದುರೇ ರೇಗಿದೆ: "ಕಾಲು ಕೊಳೆತ ಮೇಲೆ ನನ್ನ ಹತ್ರ ಬಂದು ಅಳಬೇಡಿ." ಪಾಪ, ತಲೆ ತಗ್ಗಿಸಿ ಶುಗರ್ ಮಾತ್ರೆ ತೆಗೆದುಕೊಂಡು ಹೋದರು.

ನನ್ನ ಮಂಡಿ ನೋವು ಜಾಸ್ತಿ. ಪೇನ್‌ಕಿಲ್ಲರ್ ನುಂಗಿ ನುಂಗಿ ಹೊಟ್ಟೆ ಉರಿ.

ಜೂನ್ 14, ಶನಿವಾರ

ಗುರುಪುರದ ಟಿಬೆಟನ್ನರ ಕಾಲೊನಿಗೆ ಹೋಗಿದ್ದೆ, ಅವರ ನಾಟಿ ಔಷಧಿ ಕೊಡುವ ಡಾಕ್ಟರ ಹತ್ತಿರ. ಮನೆಯಲ್ಲೂ ಹೇಳಿಲ್ಲ. ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ತರಬೇಕಂತೆ — ಬ್ಯಾಗಿನಲ್ಲಿ ಬಾಟಲಿ, ಮುಖಕ್ಕೆ ಮಾಸ್ಕ್. ಅಷ್ಟು ದೂರ ನಮ್ಮ ಕಡೆಯವರು ಯಾರು ಬರುತ್ತಾರೆ ಎಂಬ ಧೈರ್ಯ. ಕ್ಯೂನಲ್ಲಿ ನೋಡಿದರೆ ರಾಮಮ್ಮ, ಸೊಂಟ ನೋವಿಗೆ ಬಂದವರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ... ರಾಮಮ್ಮ ಗೇಲಿ ಮಾಡಲಿಲ್ಲ, ಸರಿದು ಜಾಗ ಕೊಟ್ಟರು. "ಕೂತ್ಕಳಿ ಸಿಸ್ಟರಮ್ಮ. ಯಾರ್ಗೂ ಏಳಾಕಿಲ್ಲ ಬುಡಿ."

ಡಾಕ್ಟರು ನಾಡಿ ಹಿಡಿದು ನೋಡಿ ಕಂದು ಗುಳಿಗೆ ಕೊಟ್ಟರು. ಅಗಿದು ಬಿಸಿನೀರು ಕುಡಿಯಬೇಕು. ನಾನು ನುಂಗುವ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂದರು. ನರ್ಸ್ ನಾನು, ನಿಲ್ಲಿಸುತ್ತೇನೆಯೇ? ಹೊರಗೆ ಬಂದು ರಾಮಮ್ಮನಿಗೂ ಶುಗರ್ ಮಾತ್ರೆ ನಿಲ್ಲಿಸಬೇಡಿ ಅಂತ ಹೇಳಬಹುದಿತ್ತು. ಮುಖ ತಪ್ಪಿಸಿಕೊಂಡು ಬಸ್ ಹತ್ತಿದೆ.

ಜುಲೈ 24

ಮಂಡಿ ಹಗುರ. ಹಳ್ಳಿಗೆ ಹೋದರೂ ರಾಮಮ್ಮನ ಬೀದಿಗೆ ಕಾಲಿಡುತ್ತಿಲ್ಲ. ಅವರ ಶುಗರ್ ಮಾತ್ರೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿದೆ. ನಾಚಿಕೆ, ಮತ್ತೇನು.

ಆಗಸ್ಟ್ 21, ಗುರುವಾರ

ಮಗ ಮಾದೇಶ ರಾಮಮ್ಮನನ್ನು ಆಟೋದಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದ. ಬಲಗಾಲಿನ ಎರಡು ಬೆರಳು ಕಪ್ಪು. ಶುಗರ್ ನಾನೂರು ದಾಟಿದೆ. ಡಾಕ್ಟರು ಬರುವ ಮುಂಚೆ ಮೆಲ್ಲಗೆ ಅಂದ: "ನೀವೇ ಗುರುಪುರಕ್ಕೆ ಓಯ್ತೀರಲ್ಲ ಸಿಸ್ಟರ್. ಅದ್ಕೇ ಅವ್ವ ಶುಗರ್ ಮಾತ್ರೆ ಬುಟ್ಬುಟ್ಳು."

ಯಾಕಮ್ಮ ನಿಲ್ಲಿಸಿದೆ ಅಂತ ಡಾಕ್ಟರು ಕೇಳಿದರು. ರಾಮಮ್ಮ ಒಮ್ಮೆ ನನ್ನ ಮುಖ ನೋಡಿದರು.

"ನಂದೇ ತಪ್ಪು ಸಾಮಿ. ಸಿಸ್ಟರಮ್ಮ ಎಷ್ಟ್ ಏಳುದ್ರೂ ಮರ್ತ್‌ಬುಟ್ಟೆ."

ನಾನು ಬಗ್ಗಿ ಅವರ ಕಾಲಿಗೆ ಬ್ಯಾಂಡೇಜ್ ಸುತ್ತತೊಡಗಿದೆ. ಮಾದೇಶ ನೆಲ ನೋಡುತ್ತಿದ್ದ. ಮೈಸೂರಿಗೆ ಕಳಿಸಿದೆವು.

ಆಗಸ್ಟ್ 27, ರಾತ್ರಿ

ಎರಡೂ ಬೆರಳು ತೆಗೆದಿದ್ದಾರೆ. ನೋಡಲು ಹೋಗಿದ್ದೆ. ನನ್ನಿಂದ ತಪ್ಪಾಯಿತು ಅನ್ನಬೇಕು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ವಾರ್ಡಿನ ಬಾಗಿಲ ಎದುರೇ ಮೆಟ್ಟಿಲು. ನಾನು ಹತ್ತಿ ಬರುವುದನ್ನು ರಾಮಮ್ಮ ಮಲಗಿದಲ್ಲಿಂದಲೇ ನೋಡಿದರು. ಮುಖ ಅರಳಿತು.

"ನಿಮ್ ಮಂಡಿ ವಾಸಿಯಾದಂಗದೆ ಸಿಸ್ಟರಮ್ಮ."

ಹೌದು ಅಂದೆ. ಕಲಿತುಕೊಂಡು ಹೋಗಿದ್ದ ಮಾತು ಹೇಳದೆಯೇ ಅದೇ ಮೆಟ್ಟಿಲಿಳಿದು ಬಂದೆ.