ಗಲ್ಲಿಯಿಂದ ಅಪ್ಪ ಹೊರಟದ್ದು

೧೪ ಜೂನ್ ೨೦೦೩, ಶನಿವಾರ. ಪೋರೂರು.

ದೊಡ್ಡಪ್ಪ ಇನ್ನೂ ಮುನಿಸಿಕೊಂಡೇ ಇದ್ದಾರೆ. ಇರಲಿ. ಅಮ್ಮ ಮಾಡಿದ್ದರಲ್ಲಿ ತಪ್ಪೇನಿಲ್ಲ.

ಬೆಳಿಗ್ಗೆ ಅಪ್ಪನ ದೇಹವಿದ್ದ ವ್ಯಾನು ನಮ್ಮ ಗಲ್ಲಿಯಿಂದ ಹಿಮ್ಮುಖವಾಗಿ ಹೊರಡಲು ಹೋಗಿ ಎದುರುಮನೆಯ ಕಾಂಪೌಂಡಿಗೆ ಎರಡು ಸಲ ಮುತ್ತಿಟ್ಟಿತು. ಮೂವತ್ತು ವರ್ಷ ಲಾರಿ ಓಡಿಸಿದ ಅಪ್ಪನಿಗೂ ಇಲ್ಲಿ ರಿವರ್ಸ್ ತೆಗೆಯಲು ಅಮ್ಮನೇ ಹಿಂದೆ ನಿಂತು ಲಾರಿಯ ಮೈ ತಟ್ಟಬೇಕಿತ್ತು. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ರೈಟ್. ಸ್ಟೀರಿಂಗು ನಿಜಕ್ಕೂ ಯಾರ ಕೈಯಲ್ಲಿದೆ ಎಂದು ನಾನು ರೇಗಿಸಿದರೆ, "ಬ್ರೇಕೂ ಅವಳದೇ ಕಣೋ" ಎಂದು ನಗುತ್ತಿದ್ದರು.

ಅಮ್ಮ ಕಣ್ಣೊರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು.

"ಗೌರೀ, ಒಳಗೆ ಹೋಗಮ್ಮ. ಜನ ನೋಡ್ತಿದ್ದಾರೆ," ಎಂದರು ದೊಡ್ಡಪ್ಪ.

"ನೋಡ್ಲಿ ಭಾವ. ಅವರ ಗಾಡೀನ ಈ ಗೋಡೆಗೆ ನಾನು ಯಾವತ್ತೂ ತಗಲಿಸಿಲ್ಲ. ಇವತ್ತೂ ತಗಲಿಸಲ್ಲ." ಡ್ರೈವರ್‌ಗೆ ತಮಿಳಿನಲ್ಲಿ ಬಾ ಎಂದು ಕೂಗಿದಳು: "ವಾಪ್ಪಾ... ವಾ... ವಾ..."

ವ್ಯಾನು ಎಲ್ಲೂ ತಗಲದೆ ದೊಡ್ಡ ರಸ್ತೆ ಮುಟ್ಟಿತು. ಅಮ್ಮ ಒಮ್ಮೆ ತಟ್ಟಿದಳು. ನಿಂತಿತು. ಕೈ ಅಲ್ಲೇ ಇಟ್ಟುಕೊಂಡಳು. ಹಿಂದೆ ಬಸ್ಸು ಹಾರನ್ ಹೊಡೆಯಿತು, ದೊಡ್ಡಪ್ಪ ಗಡಿಯಾರ ನೋಡಿಕೊಂಡರು. ಎರಡು ತಟ್ಟುವುದಕ್ಕೆ ಅಮ್ಮ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.