ಅಜ್ಜಿಯ ಹಂಡೆಯನ್ನು ನಾವು ಕತ್ತರಿಸುವುದಿಲ್ಲ

ಅಬಕಾರಿ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಮನೆಯ ತಾಮ್ರದ ಹಂಡೆಯನ್ನು ನಾವೇ ತುಂಡು ತುಂಡಾಗಿ ಕತ್ತರಿಸಿ, ತುಂಡುಗಳನ್ನು ಮೂಟೆ ಕಟ್ಟಿ, ತಿಂಗಳು ಮುಗಿಯುವುದರೊಳಗೆ ತಮ್ಮ ಕಚೇರಿಗೆ ತಂದೊಪ್ಪಿಸಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಕತ್ತರಿಸುವುದಿಲ್ಲ. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು, ಹೇಳಬೇಕಾದದ್ದು ಮುಗಿಯಿತು. ಆದರೆ ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಜನಕ್ಕೆ ಒಂದು ಹಂಡೆಯ ಮೇಲೆ ಸರ್ಕಾರಕ್ಕೆ ಯಾಕಿಷ್ಟು ಸಿಟ್ಟು ಎಂದು ತಿಳಿಯಬೇಕಲ್ಲ, ಅದಕ್ಕೆ ಮುಂದುವರಿಸುತ್ತೇನೆ.

ನಮ್ಮ ಅಜ್ಜ ವಿಸ್ಕಿ ಮಾಡುತ್ತಿದ್ದ. ಕದ್ದುಮುಚ್ಚಿ ಅಲ್ಲ, ಬಾಗಿಲಿಗೆ ಬೋರ್ಡು ಹಾಕಿಕೊಂಡು, ತಮ್ಮದೇ ಇಲಾಖೆಯ ಮುದ್ರೆ ಒತ್ತಿಸಿಕೊಂಡು. ಒಂದು ವರ್ಷ ಸರ್ಕಾರಕ್ಕೆ ಸಣ್ಣ ಭಟ್ಟಿಗಳೆಲ್ಲ ಬೇಡವಾದವು. ಮುಚ್ಚಿ ಎಂದರು, ಪಾತ್ರೆಗಳನ್ನು ಒಡೆಯಿರಿ ಎಂದರು. ಅಜ್ಜ ಬೋರ್ಡು ಇಳಿಸಿ ಸೋಡಾ ಮಾರಲು ಕೂತ. ವಿಸ್ಕಿ ಮಾಡುತ್ತಿದ್ದವನು ಬರೀ ಸೋಡಾ ಮಾರುವುದೆಂದರೆ ಮದುಮಗನನ್ನು ಬಿಟ್ಟು ಮೆರವಣಿಗೆ ಹೊರಡಿಸಿದ ಹಾಗೆ. ಅವನು ಮತ್ತೆ ಆ ಕಸುಬಿನ ಮಾತೆತ್ತಲಿಲ್ಲ. ನಮ್ಮಪ್ಪನಿಗೂ ಕಲಿಸಲಿಲ್ಲ.

ಈಗ ಕಾಲ ತಿರುಗಿದೆ. ಸಣ್ಣ ಭಟ್ಟಿಗಳು ಬರಲಿ, ಹಳೆಯ ಕಸುಬುಗಳು ಉಳಿಯಲಿ ಎಂದು ತಮ್ಮ ಇಲಾಖೆಯೇ ಬಣ್ಣದ ಜಾಹೀರಾತು ಕೊಟ್ಟಿತು. ಅದನ್ನು ನಂಬಿದವರು ನಾವು ಮೂವರು. ನಾನು ಹಿರಿಯಳು, ದರ್ಜಿ. ನನ್ನ ತಮ್ಮ ಬಸ್ಸು ರಿಪೇರಿ ಮಾಡುತ್ತಾನೆ. ತಂಗಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಸೋಡಾ ಕಾರ್ಖಾನೆಯ ಹಳೇ ಶೆಡ್ಡು ಗುಡಿಸಿ, ಪರವಾನಗಿ ಪಡೆದು, ಮುಖ ಕಾಣುವಷ್ಟು ಹೊಳೆಯುವ ಸ್ಟೀಲ್ ಪಾತ್ರೆ ತಂದು ನಿಲ್ಲಿಸಿದೆವು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುಳಿಯಿಸಿ, ಭಟ್ಟಿ ಇಳಿಸಿದೆವು. ಬಂದದ್ದು ಕೊಳೆತ ಮೊಟ್ಟೆಯ ವಾಸನೆ.

"ನೀರು ಸರಿ ಇಲ್ಲ," ಅಂದ ತಮ್ಮ.

"ನಿನ್ನ ಪೈಪು ಸರಿ ಇಲ್ಲ ಕಣೋ. ಗ್ರೀಸ್ ಕೈಯಲ್ಲೇ ಜೋಡಿಸಿದ್ದೀಯ," ಅಂದಳು ತಂಗಿ.

"ನಿನ್ನ ಮೂಗೇ ಸರಿ ಇಲ್ಲ. ಇಡೀ ದಿನ ಟಾನಿಕ್ಕು ಮೂಸ್ತೀಯ, ನಿಂಗೆಲ್ಲಾ ಹಾಗೇ ಕಾಣ್ಸುತ್ತೆ."

ನೀರು ಬದಲಿಸಿದೆವು, ಪೈಪು ಬದಲಿಸಿದೆವು, ಕಾಳು ಬದಲಿಸಿದೆವು. ವಾಸನೆ ಬದಲಾಗಲಿಲ್ಲ. ನೆರೆಯವರು ಚರಂಡಿ ಕಟ್ಟಿದೆ ಎಂದು ನಗರಸಭೆಗೆ ದೂರು ಕೊಟ್ಟರು. ಆ ಅವಮಾನ ತಾಳಲಾರದೆ ತಮ್ಮ ಒಂದು ಕೆಲಸ ಮಾಡಿದ: ಕೆಟ್ಟ ಸರಕನ್ನು ಶೆಡ್ಡಿನಿಂದ ಎತ್ತಿ, ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಬೇರೆ ಇಲ್ಲದ್ದರಿಂದ, ಬಚ್ಚಲುಮನೆಯ ಹಂಡೆಗೆ ಸುರಿದು ಹಲಗೆ ಮುಚ್ಚಿದ. ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ನಮ್ಮ ಸೋದರತ್ತೆ ಎಂದಿನಂತೆ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕಿದಳು. ಆವಿಗೆ ಕಿಡಿ ತಗುಲಿದ್ದರೆ ಈ ಪತ್ರ ಬರೆಯಲು ಯಾರೂ ಉಳಿಯುತ್ತಿರಲಿಲ್ಲ, ತಮಗೂ ಇಷ್ಟು ತೊಂದರೆ ಇರುತ್ತಿರಲಿಲ್ಲ. ಪುಣ್ಯಕ್ಕೆ ಸೌದೆ ಹಸಿ, ಹೊಗೆಯೇ ಹೆಚ್ಚು. ತಮ್ಮ ಓಡಿಬಂದು ಒಲೆಗೆ ಬಕೆಟ್ ನೀರು ಸುರಿದ. ಅತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಏನೋ ಇದು? ನನ್ನನ್ನೇನು ಉಪ್ಪಿನಕಾಯಿ ಹಾಕೋಕೆ ಹೊರಟಿದ್ದೀರಾ?"

ತಂಗಿ ಮಾತ್ರ ಮೂಗು ಎತ್ತಿಕೊಂಡು ನಿಂತಳು. "ಅಕ್ಕಾ, ಬಾ ಇಲ್ಲಿ. ವಾಸನೆ ಎಲ್ಲೋಯ್ತೇ?" ಬೆಚ್ಚಗಾದ ಆ ಸರಕಿನಿಂದ ಹುರಿದ ಕಾಳಿನ, ಹಣ್ಣಾದ ಪೇರಲದ ಪರಿಮಳ ಬರುತ್ತಿತ್ತು. ತಾಮ್ರ ಆ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ ಎಂಬುದು ಈ ಕಸುಬಿನಲ್ಲಿ ಅ ಆ ಇ ಈ. ನಮಗೆ ಅಕ್ಷರ ಕಲಿಸುವವರು ಯಾರೂ ಉಳಿದಿರಲಿಲ್ಲ.

ಒಲೆಯಿಂದ ಇಳಿಸಿ ಅಂಗಳದ ಬೆಳಕಿಗೆ ತಂದಾಗ ಹಂಡೆಯ ಬಾಯಿಯ ಸುತ್ತ ಸಾಲು ತೂತುಗಳು ಕಂಡವು. ಹುಟ್ಟಿದಾಗಿನಿಂದ ಕಂಡಿದ್ದವೇ. ಚಿಕ್ಕವರಿದ್ದಾಗ ಅವುಗಳೊಳಗೆ ಸೋಪು ತುರುಕಿ ಬೈಸಿಕೊಂಡಿದ್ದೇವೆ. ಆದರೆ ನೀರು ಕಾಯಿಸುವ ಹಂಡೆಗೆ ತೂತು ಯಾಕೆ ಎಂದು ಕೇಳಿರಲಿಲ್ಲ. ಪಕ್ಕದ ಬೀದಿಯ ಕಂಚುಗಾರ ಬೆರಳಾಡಿಸಿ, "ಇಲ್ಲಿ ಭಟ್ಟಿಯ ಕತ್ತಿತ್ತು, ಆವಿ ಹೋಗೋ ಕೊಳವೆ. ಯಾರೋ ಮೊಳೆ ಕಿತ್ತು ಬಿಚ್ಚಿದಾರೆ," ಅಂದ. ಆಗ ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಂಗಾಗ ಆರೋ ಏಳೋ ವರ್ಷ. ಯಾರೋ ಸಾಹೇಬ್ರು ಬಂದಿದ್ರು, ಮನೆಯೆಲ್ಲಾ ಹುಡುಕ್ತಿದ್ರು. ಅಮ್ಮ ನನ್ನ ಎಳ್ಕೊಂಡೋಗಿ ಬಚ್ಚಲಲ್ಲಿ ಕೂರಿಸಿ ಸೋಪು ಹಚ್ಚಿದ್ಲು. 'ಬೆಳಿಗ್ಗೆ ಆಯ್ತಲ್ಲಮ್ಮಾ ಸ್ನಾನ' ಅಂದೆ. ಬೆನ್ನಿಗೊಂದು ಬಿತ್ತು. 'ಅಳು, ಜೋರಾಗಿ ಅಳು' ಅಂದ್ಲು. ಒಂದೇ ದಿನ ಎರಡು ಸ್ನಾನ ಯಾಕೆ ಮಾಡಿಸಿದ್ಲು ಅಂತ ಇವತ್ತಿನವರೆಗೂ ಗೊತ್ತಾಗಿರ್ಲಿಲ್ಲ ನೋಡು ನಂಗೆ."

ಅಂದಿನ ಅಧಿಕಾರಿಗೆ ಹೆಂಗಸೊಬ್ಬಳು ಮಗುವಿಗೆ ಸ್ನಾನ ಮಾಡಿಸುತ್ತಿರುವ ಬಚ್ಚಲಿಗೆ ಕಾಲಿಡಲು ಸಂಕೋಚವಾಯಿತು. ಬಾಗಿಲ ಹೊರಗಿನಿಂದಲೇ ಹಿಂದಿರುಗಿದರು. ಅಜ್ಜನ ಭಟ್ಟಿಯ ಕತ್ತನ್ನು ಅಜ್ಜಿ ಕಳೆದುಕೊಂಡಳು, ಬಚ್ಚಲ ಒಲೆಯ ಮೇಲೆ ಕೂರಿಸಿ ಹಂಡೆಯನ್ನು ಉಳಿಸಿಕೊಂಡಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸೂ ಆ ಭಟ್ಟಿಯ ನೀರಿನಲ್ಲೇ ಮಿಂದು ಬೆಳೆಯಿತು.

ಇನ್ನು ನಾನು ಮಾಡಿದ ಮೂರ್ಖತನ. ಸ್ಟೀಲಿನ ಬದಲು ತಾಮ್ರದ ಪಾತ್ರೆ ಬಳಸಲು ಅನುಮತಿ ಬೇಡುವ ಅರ್ಜಿಯಲ್ಲಿ 'ಪಾತ್ರೆಯ ಮೂಲ' ಎಂಬ ಕಲಂ ಇತ್ತು. ಬುದ್ಧಿಯಿರುವವರು 'ಸ್ವಂತ' ಎಂದು ಬರೆಯುತ್ತಿದ್ದರು. ನಾನು ಕಥೆಗಳ ಮನೆಯಲ್ಲಿ ಬೆಳೆದವಳು. ಎರಡು ಹಾಳೆ ಹೆಚ್ಚಿಗೆ ಅಂಟಿಸಿ, ಅಜ್ಜಿ, ಅತ್ತೆ, ಸೋಪಿನ ಸಮೇತ ಎಲ್ಲವನ್ನೂ ಬರೆದೆ. ಓದಿದವರು ಮೆಚ್ಚಿಯಾರು ಎಂದುಕೊಂಡಿದ್ದೆ. ತಾವು ನಿಜಕ್ಕೂ ಗಮನವಿಟ್ಟು ಓದಿದ್ದೀರಿ. ಈ ಹಂಡೆ ಹಿಂದೆ ನಾಶಕ್ಕೆ ಆದೇಶವಾಗಿದ್ದ ಪಾತ್ರೆ, ಆ ಆದೇಶ ಇಂದಿಗೂ ರದ್ದಾಗಿಲ್ಲ, ಆದ್ದರಿಂದ ಪಾಲಿಸತಕ್ಕದ್ದು ಎಂದು ಉತ್ತರ ಬಂತು.

ಪಾತ್ರೆ ಪರಿಶೀಲಿಸಲು ಬಂದ ತಮ್ಮ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಪಾಪ. ಬೂಟು ಹೊರಗೆ ಬಿಟ್ಟು ಬಂದು ಹಂಡೆಯ ಮುಂದೆ ತಲೆ ತಗ್ಗಿಸಿ ನಿಂತರು. "ನಂದೇನೂ ಇಲ್ಲಮ್ಮಾ, ಮೇಲಿನವರ ಆದೇಶ."

"ಮೇಲಿನವರು ಅಂದ್ರೆ ಎಷ್ಟು ಮೇಲಪ್ಪಾ?" ಅತ್ತೆ ಕೇಳಿದಳು. "ಏಣಿಗೆ ಎಟುಕ್ತಾರಾ?"

ಏಣಿಗೆ ಎಟುಕುವುದಿಲ್ಲವೆಂದೇ ಈ ಬಹಿರಂಗ ಪತ್ರ. ಮಾನ್ಯರೇ, ಭಟ್ಟಿ ನಡೆಸಬಾರದು ಎಂಬ ಕಾನೂನೇ ಹೋಯಿತು, ಭಟ್ಟಿಯ ಪಾತ್ರೆ ಒಡೆಯಬೇಕೆಂಬ ಆದೇಶ ಮಾತ್ರ ಹೇಗೆ ಉಳಿಯಿತು? ಮನೆ ಕೆಡವಿದ ಮೇಲೂ ಅದರ ಬಾಗಿಲು ಹಾಕಿಕೊಳ್ಳಿ ಎನ್ನುತ್ತೀರಾ? ಬಲಗೈಯಲ್ಲಿ ಪರವಾನಗಿ, ಎಡಗೈಯಲ್ಲಿ ಗರಗಸ. ಎರಡೂ ಕೈ ಒಂದೇ ಮೈಗೆ ಅಂಟಿಕೊಂಡಿವೆಯೋ ಇಲ್ಲವೋ? ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಹದವಾಗುವುದು ವಿಸ್ಕಿ. ಕಡತದಲ್ಲಿಟ್ಟ ಆದೇಶ ಹದವಾಗುವುದಿಲ್ಲ, ಹಳಸುತ್ತದೆ. ಅಪರಾಧ ನಡೆದಿದ್ದರೆ ಅಪರಾಧಿ ನಮ್ಮ ಅಜ್ಜಿ. ಆಕೆ ಈಗ ತಮ್ಮ ಸಮನ್ಸು ತಲುಪುವ ವಿಳಾಸದಲ್ಲಿಲ್ಲ. ತಲುಪಿದ್ದರೆ ಅದನ್ನು ತಂದವನಿಗೂ ತಲೆಗೆ ನೀರು ಹಾಕಿ ಕಳಿಸುತ್ತಿದ್ದಳು.

ಕತ್ತರಿಸಿ ಒಪ್ಪಿಸಿ, ಹೊಸ ತಾಮ್ರದ ಪಾತ್ರೆ ಮಾಡಿಸಿಕೊಳ್ಳಿ, ಅದಕ್ಕೆ ಅನುಮತಿ ಕೊಡುತ್ತೇವೆ ಎಂದು ತಮ್ಮ ಕಚೇರಿಯಿಂದ ಒಬ್ಬರು ಫೋನಿನಲ್ಲಿ ಮೆತ್ತಗೆ ಹೇಳಿದರು. ಹೌದು, ಮಾಡಿಸಬಹುದು. ಕಂಚುಗಾರನಿಗೆ ಕೈಯಿದೆ, ಬರುವ ವಿಸ್ಕಿಯೂ ಚೆನ್ನಾಗಿಯೇ ಇದ್ದೀತು. ನಾನು ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬ ಹೆಂಗಸು ಮಗುವಿನ ಬೆನ್ನಿಗೆ ಗುದ್ದಿ, ಅದರ ಅಳುವಿನ ಮರೆಯಲ್ಲಿ ಉಳಿಸಿಕೊಂಡದ್ದನ್ನು ಆಕೆಯ ಮೊಮ್ಮಕ್ಕಳ ಕೈಯಿಂದಲೇ ತುಂಡು ಮಾಡಿಸಬೇಕೆಂಬ ಹಟ ತಮಗೇಕೆ? ಅದು ಯಾವ ನಿಯಮದ ಎಷ್ಟನೆಯ ಉಪನಿಯಮ?

ನಮ್ಮ ಬೇಡಿಕೆ ಇಷ್ಟೇ. ಸತ್ತ ಕಾನೂನಿನ ಆದೇಶವನ್ನು ಹೂಳಿ, ನಮ್ಮ ಅರ್ಜಿಗೆ ಸಹಿ ಹಾಕಿ. ಆಗುವುದಿಲ್ಲವೆಂದರೆ, ಇನ್ಸ್‌ಪೆಕ್ಟರನ್ನು ಕಳಿಸಬೇಡಿ, ತಾವೇ ಬನ್ನಿ. ಹಗಲು ಹೊತ್ತಿನಲ್ಲಿ ಬನ್ನಿ. ಗರಗಸ ತಾವೇ ತನ್ನಿ. ಕಂಚುಗಾರ ಹೊಸ ಕತ್ತು ಕೂರಿಸಿದ್ದಾನೆ, ತಂಗಿ ಹುಣಸೆಹಣ್ಣು ಹಾಕಿ ಉಜ್ಜಿದ್ದಾಳೆ, ನನ್ನ ತಮ್ಮ ಶೆಡ್ಡಿನ ಮುಂದಿನ ಗೋಡೆ ಕೆಡವಿ ಹಂಡೆಯನ್ನು ಬೀದಿಗೆ ಕಾಣುವಂತೆ ನಿಲ್ಲಿಸಿದ್ದಾನೆ. ಅತ್ತೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಈ ಸಲ ನಾವು ಏನನ್ನೂ ಬಚ್ಚಿಡುತ್ತಿಲ್ಲ. ಯಾರೂ ಅಳುವುದೂ ಇಲ್ಲ.

ಇಂತಿ,
ಅರ್ಜಿಯ ಕಲಮಿನಲ್ಲಿ ಒಂದೇ ಪದ ಬರೆಯಲು ಬಾರದ,
ತಮ್ಮ ಆದೇಶವನ್ನು ಪಾಲಿಸಲು ಆಗದ,
ಭಟ್ಟಿಮನೆಯ ಹಿರಿಮಗಳು