ಸುಡದೆ ಉಳಿದ ಆಲಿವ್ ತೋಟ

ಗುರುವಾರ, ರಾತ್ರಿ

೧. ಸ್ಥಳ: ಮೊಮ್ಮಗಳ ವಿಡಿಯೋ ಗೇಮಿನಲ್ಲಿ, ಎರಡು ಸಾವಿರ ವರ್ಷಗಳ ಹಿಂದಿನ ಒಂದು ಆಲಿವ್ ತೋಟ.
೨. ಚಕ್ಕುಬಂದಿ: ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಸೈನಿಕರ ಪಾಳೆಯ, ಉಳಿದೆರಡು ಕಡೆ ಟಿ.ವಿ.ಯ ಅಂಚು.
೩. ತಕರಾರು: ಸದರಿ ತೋಟವನ್ನು ಸುಟ್ಟರೆ ಮಾತ್ರ ಆಟ ಮುಂದುವರಿಯುತ್ತದೆ.

ದಿನವೂ ಸಂಜೆ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತೋಟದಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಳು. ಇಬ್ಬರೂ ಮೇಕೆಗಳನ್ನು ನೋಡಿ ನಗುತ್ತಿದ್ದೆವು. ಮಗ ಸೊಸೆ ದಣಿದು ಬಂದು ಕೋಣೆ ಸೇರುವ ಈ ಮನೆಯಲ್ಲಿ ನನ್ನೊಡನೆ ಒಬ್ಬರು ಮಾತಾಡುತ್ತಿದ್ದುದು ಅಷ್ಟು ಹೊತ್ತು ಮಾತ್ರ. ಇಂದು ಆಟದಲ್ಲಿ ಅವಳು ಪಂಜು ಹಿಡಿದದ್ದನ್ನು ಕಂಡು ಎದ್ದು ನಿಂತು, ಸದರಿ ತೋಟವನ್ನು ಯಥಾಸ್ಥಿತಿಯಲ್ಲಿ ಉಳಿಸಬೇಕೆಂದು ಕೋರಿದೆ.

"ಅಯ್ಯೋ ತಾತ, ಸುಡದೆ ಇದ್ರೆ ಆಟ ಇಲ್ಲೇ ನಿಂತುಹೋಗುತ್ತೆ!"

"ನಿಲ್ಲಲಿ ಬಿಡಮ್ಮ."

"ಆಯ್ತು ಸದರಿ ತಾತ, ತಮ್ಮ ಅರ್ಜಿ ಮಂಜೂರು! ನಿನ್ನ ತೋಟ ಹಾಗೇ ಇರ್ಲಿ. ಇನ್ಮೇಲೆ ನಾನು ಗೆಳತಿ ಮನೇಲಿ ಆಡ್ಕೋತೀನಿ. ಅವಳು ಆಗ್ಲೇ ಸುಟ್ಟು ಮುಂದೆ ಹೋಗಿದ್ದಾಳೆ."

ನಗುತ್ತಲೇ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸೇವಾವಧಿಯುದ್ದಕ್ಕೂ ಕಚೇರಿಯಲ್ಲಿ ಅನ್ಯರ ಅರ್ಜಿಗಳನ್ನು ನಕಲು ಮಾಡಿದವನು ನಾನು. ಕೋರಿಕೆಯಲ್ಲಿ ಬರೆಯದ್ದನ್ನು ಯಾವ ಸಾಹೇಬರೂ ಕೊಡುವುದಿಲ್ಲವೆಂದು ಎಷ್ಟು ಜನರನ್ನು ಗದರಿಸಿಲ್ಲ! ಅಂಥ ನಾನೇ ತೋಟವನ್ನು ಕೇಳಿದೆ. ಅವಳ ಪಕ್ಕದ ಜಾಗವನ್ನು ಕೇಳಲಿಲ್ಲ. ತಿದ್ದುಪಡಿ ಸಲ್ಲಿಸೋಣವೆಂದರೆ ಅಭಿಮಾನ ಅಡ್ಡ ಬರುತ್ತದೆ, ಮೇಲಾಗಿ ಅರ್ಜಿ ಆಗಲೇ ಮಂಜೂರಾಗಿಹೋಗಿದೆ.

ಇಂತಿ,
ಅರ್ಜಿದಾರ (ಸಹಿ)

ಲಗತ್ತು: ಆಟದ ರಿಮೋಟು, ಒಂದು. ಆನ್ ಮಾಡುವ ಬಗೆ ತಿಳಿದಿಲ್ಲ.